ಪ್ಲಾಸ್ಟಿಕ್ ಹೊದ್ದ ಮಂಚ

"ಮಂಚ ಇರೋದು ಮಲಗೋಕೆ ತಾನೇ?"

ತಾಯಿಯ ಕಾಲ್ಬೆರಳುಗಳನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದ ಮಗಳು ಯಾರನ್ನೂ ನೋಡದೆ ಕೇಳಿದಳು. ಬಾಗಿಲ ಪಕ್ಕ ನಿಂತಿದ್ದ ಅವಳ ಸೋದರಮಾವ, ಊರಿನ ಆಸ್ಪತ್ರೆ ಸಮಿತಿಯ ಅಧ್ಯಕ್ಷ, ಜೇಬಿನೊಳಗಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಸತ್ತವಳು ಅವನ ಒಡಹುಟ್ಟಿದ ಅಕ್ಕ. ಊರಿಗೆಲ್ಲ ಅವಳು ಮಿಷನ್ ಅಕ್ಕ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಓದಿಸಿದ್ದು, ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಎಲ್ಲ ಆ ಒಂದು ಹೊಲಿಗೆ ಮಿಷನ್ ತುಳಿದೇ.

ಬಂದವರು ಅವಳ ವಿಷಯವನ್ನೇ ಆಡಿಕೊಳ್ಳುತ್ತಿದ್ದರು. ಅಳತೆ ತೆಗೆಯುವಾಗ ಟೇಪನ್ನು ಎಳೆದೆಳೆದು ನೋಡಿ, ಮುಂದಿನ ಸಲ ಬಟ್ಟೆ ಜಾಸ್ತಿ ತಾ ಎಂದು ಛೇಡಿಸುತ್ತಿದ್ದಳಂತೆ. ಮುದುಕ ಕ್ಷೌರಿಕ ನಕ್ಕ. ನಗುವನ್ನು ಅರ್ಧಕ್ಕೇ ನುಂಗಿದ.

"ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನಮ್ಮಲ್ಲಿ ಬಾಗಿಲು ಹಾಕಿದ್ದಕ್ಕೇ ಕೊಳ್ಳೆ ಹೋಯ್ತು."

ಅವನು ಅಧ್ಯಕ್ಷನ ಕಡೆ ತಿರುಗಲಿಲ್ಲ. ತಿರುಗಿದ್ದರೇ ವಾಸಿಯಿತ್ತು.

*

ಹೊಸ ವಾರ್ಡಿಗೆ ಸರ್ಕಾರದ ಹಣ ಬರುವಷ್ಟರಲ್ಲಿ ಅಧ್ಯಕ್ಷನ ಚಪ್ಪಲಿ ಸವೆದಿದ್ದವು. ಕಟ್ಟಡ ಎದ್ದಿತು, ಮಂಚಗಳು ಬಂದವು, ಆಕ್ಸಿಜನ್ ಸಿಲಿಂಡರ್ ಬಂತು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುವ ತನಕ ಒಂದು ಗೀರೂ ಬೀಳಬಾರದೆಂದು ಅವನೇ ಬೀಗ ಜಡಿದ. ಮಂತ್ರಿಗಳ ದಿನ ಮುಂದಕ್ಕೆ ಹೋಗುತ್ತಲೇ ಇತ್ತು.

ಕಿಟಕಿಗಳಿಗೆ ಪರದೆ ಹೊಲಿದವಳು ಅಕ್ಕ. ಮಗಳ ಜೊತೆ ಬಂದು ಅವನ್ನು ತೂಗುಹಾಕುವಾಗ ಸುಸ್ತಾಗಿ, ಪ್ಲಾಸ್ಟಿಕ್ ಹೊದ್ದ ಮಂಚವೊಂದರ ಅಂಚಿನಲ್ಲಿ ಕೂತಳು.

"ಏಳಕ್ಕ, ಕೊಳೆಯಾಗುತ್ತೆ," ಎಂದ ಬಾಗಿಲು ತೆಗೆದುಕೊಟ್ಟಿದ್ದ ತಮ್ಮ.

"ಕಾಯಿಲೆಯವರು ಬಂದ್ರೂ ಹೀಗೇ ಎಬ್ಬಿಸ್ತೀಯೇನೋ?"

ನಗುತ್ತಲೇ ಎದ್ದಳು. ಕೂತಿದ್ದ ಜಾಗವನ್ನು ಅಂಗೈಯಿಂದ ಒರೆಸಿದಳು.

ನಿನ್ನೆ ಮಧ್ಯಾಹ್ನ ಉಬ್ಬಸ ಹೆಚ್ಚಿದಾಗ ಅವಳನ್ನು ಮಲಗಿಸಿದ್ದು ಹಳೆಯ ಕಟ್ಟಡದ ವರಾಂಡದಲ್ಲಿ, ಬೆಂಚಿನ ಮೇಲೆ. ನರ್ಸಮ್ಮ ಹೊಸ ವಾರ್ಡಿನ ಬೀಗದ ಕೈ ಕೇಳಿದಳು. ಪಟ್ಟಣದಿಂದ ಆಂಬುಲೆನ್ಸ್ ಹೊರಟಿದೆ, ಅದರಲ್ಲೇ ಎಲ್ಲ ಇರುತ್ತದೆ, ಇನ್ನೇನು ಬಂದೇಬಿಡುತ್ತದೆ ಎಂದ ಅವನು. ಸ್ವಂತ ಅಕ್ಕನಿಗೆ ಬಾಗಿಲು ತೆಗೆದರೆ ನಾಳೆ ಊರೆಲ್ಲ ಬಂದು ನಿಲ್ಲುತ್ತದಲ್ಲ ಎಂಬ ಯೋಚನೆಯೂ ಇತ್ತು. ಊರು ಬಂದು ನಿಲ್ಲಲೆಂದೇ ಕಟ್ಟಿದ ವಾರ್ಡು ಅದು ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನರ್ಸಮ್ಮ ಮತ್ತೆ ಕೇಳಿದಾಗ, ಅವಳ ದನಿ ಕೇಳಿಯೇ ಅವನು ಓಡಿದ. ಸಿಲಿಂಡರ್ ಉರುಳಿಸಿಕೊಂಡು ಬರುವಷ್ಟರಲ್ಲಿ ನರ್ಸಮ್ಮ ಅಕ್ಕನ ರೆಪ್ಪೆಗಳನ್ನು ಮುಚ್ಚುತ್ತಿದ್ದಳು.

*

ಹೊರುವವರು ಹೊಸಿಲಲ್ಲಿ ಕಾದಿದ್ದರು. ಅಧ್ಯಕ್ಷ ಹೊರಗೆ ಹೋದವನು ವಾರ್ಡಿನ ಗಾಲಿಮಂಚವೊಂದನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ. ಹೊದಿಕೆಯನ್ನು ಕೈಯಾರೆ ಹರಿದುಹಾಕಿದ್ದ. ಪ್ಲಾಸ್ಟಿಕ್ ಚೂರೊಂದು ಗಾಲಿಗೆ ಸುತ್ತಿಕೊಂಡು ಪರಪರ ಎನ್ನುತ್ತಿತ್ತು. ಅವನು ತಲೆ ಎತ್ತಲಿಲ್ಲ.

"ಸ್ಮಶಾನದ ತನಕ ಇದರ ಮೇಲೆ ಹೋಗಲಿ ಮಗಳೇ. ಇಷ್ಟಾದ್ರೂ ಮಾಡೋಕೆ ಬಿಡು."

ಮಗಳು ಎದ್ದು ಬಂದಳು. ಬಿಳಿಯ ಹಾಸಿನ ಮೇಲೆ ಅವನ ಬೆವರುಗೈಯ ಗುರುತು ಮೂಡಿತ್ತು. ಅದನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು.

"ಬೇಡ ಮಾವ," ಎಂದಳು. "ಕೊಳೆಯಾಗುತ್ತೆ."