ಗೋಡೆ ಬದಿಯ ಟಿ.ವಿ.

"ಪ್ಲಗ್ಗು ಕೀಳಬ್ಯಾಡ ಅಪ್ಪಾಜಿ, ತಡಿ."

ಟಿ.ವಿ. ಹಿಂದೆ ಕುಕ್ಕರಗಾಲಲ್ಲಿ ಕೂತು ವೈರು ಬಿಡಿಸುತ್ತಿದ್ದ ಗುರುಬಸವರಾಜ ತಲೆಯೆತ್ತಿದ. ಮಗಳು ರಮಾ ಬುತ್ತಿಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಈ ಅಂಗಡಿಯೊಳಗೆ ಕಾಲಿಟ್ಟದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯ ಈ ವಿಡಿಯೊ ಗೇಮ್ ಅಂಗಡಿಗೆ ಬರುವವರೆಲ್ಲ ಗಂಡುಹುಡುಗರು, ಗದ್ದಲ, ಬೈಗುಳ. ಹೆಣ್ಣುಮಗಳು ಆ ಕಡೆ ಸುಳಿಯಕೂಡದು ಎಂದು ಅವನೇ ಕಟ್ಟಪ್ಪಣೆ ಮಾಡಿದ್ದ. ಈಗೀಗ ಹುಡುಗರೂ ಬರುತ್ತಿರಲಿಲ್ಲ. ಎಲ್ಲರ ಕೈಗೂ ಫೋನು ಬಂದಿತ್ತು. ಹಳೆ ಸಾಮಾನು ಕೊಳ್ಳುವ ಗವಿಸಿದ್ದೇಶ್ ಮಧ್ಯಾಹ್ನ ಬಂದು ಮೂರೂ ಟಿ.ವಿ.ಗಳನ್ನು ಒಯ್ಯುವವನಿದ್ದ.

ಹೆಂಡತಿ ವಾಣಿಶ್ರೀ ತೀರಿಕೊಂಡ ಮೇಲೆ ಗುರುಬಸವರಾಜ ಯಾರು ಏನು ಹೇಳಿದರೂ "ಹೂಂ" ಅನ್ನುತ್ತಿದ್ದ. ರೊಟ್ಟಿ ಬಡಿಯುತ್ತಿದ್ದವಳು ತಲೆನೋವೆಂದು ಮಲಗಿ ಮತ್ತೆ ಎದ್ದಿರಲಿಲ್ಲ. ಸಮಾಧಿಗೆ ಮಣ್ಣು ಹಾಕುವಾಗಲೂ ಅವನಿಗೆ ಅಳು ಬರಲಿಲ್ಲ. ಗಟ್ಟಿ ಮನಸ್ಸಿನವ ಎಂದರು ಮಂದಿ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ದವಡೆಯ ಹಾಗೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ. ಅಂಗಡಿ ಮುಚ್ಚು ಎಂದರು. ಹೂಂ ಅಂದ. ಹರಪನಹಳ್ಳಿಯ ಅಕ್ಕ ಅನ್ನದಾನಮ್ಮ, "ತಾಯಿ ಇಲ್ಲದ ಮನ್ಯಾಗ ವಯಸ್ಸಿಗೆ ಬಂದ ಹುಡುಗಿ ಒಬ್ಬಾಕಿ ಹೆಂಗಿರ್ತಾಳಪ್ಪ? ನಮ್ಮಲ್ಲಿದ್ದು ಅಲ್ಲೇ ಕಾಲೇಜಿಗೆ ಹೋಗ್ಲಿ" ಎಂದಳು. ಅದಕ್ಕೂ ಹೂಂ ಅಂದ. ರಮಾಳನ್ನು ಕರೆದೊಯ್ಯಲು ಅಕ್ಕ ಇವತ್ತು ಸಂಜೆಯೇ ಬರುವವಳಿದ್ದಳು.

"ಒಂದಾಟ ಆಡಾಣ ಬಾ," ಎಂದಳು ರಮಾ.

"ನಿನಗೆಲ್ಲಿ ಬರ್ತೈತವ್ವ ಇದು?"

"ಬಾ ಅಂದ್ರ."

ಗೋಡೆ ಬದಿಯ ಟಿ.ವಿ.ಗೆ ಇನ್ನೂ ಕರೆಂಟು ಇತ್ತು. ಅದನ್ನು ಹಚ್ಚಿ, ಒಂದು ಜಾಯ್‌ಸ್ಟಿಕ್ ಅವಳಿಗೆ ಕೊಟ್ಟು, ಇನ್ನೊಂದು ಹಿಡಿದು ಬೆಂಚಿನ ಮೇಲೆ ಕೂತ. ಹೊಡೆದಾಟದ ಆಟ. ಪರದೆಯಲ್ಲಿ ಸಾಲಾಗಿ ನಿಂತ ಆಟಗಾರರಲ್ಲಿ ರಮಾ ಹುಡುಕಾಡಲೂ ಇಲ್ಲ, ಸರಸರ ಕೊನೆಗೆ ಹೋಗಿ ಬಿಳಿ ಗಡ್ಡದ, ನಡು ಬಾಗಿದ ಮುದುಕನನ್ನು ಹಿಡಿದಳು. ನಿಧಾನದವನೆಂದು ಅವನನ್ನು ಯಾವ ಹುಡುಗನೂ ಮುಟ್ಟುತ್ತಿರಲಿಲ್ಲ. ಗುರುಬಸವರಾಜ ಮೊದಲು ಸಿಕ್ಕ ಪೈಲ್ವಾನನನ್ನು ಹಿಡಿದ.

ಮುದುಕ ಕೆಳಗೆ ಕೂತು ಒದ್ದ, ಉರುಳಿ ಎದ್ದು ಮೊಣಕೈಯಿಂದ ಗುದ್ದಿದ. ಪೈಲ್ವಾನ ಬಿದ್ದ, ತಾನಾಗಿ ಎದ್ದ, ಮತ್ತೆ ಬಿದ್ದ. ಗುರುಬಸವರಾಜ ಜಾಯ್‌ಸ್ಟಿಕ್ ಹಿಡಿದು ಸುಮ್ಮನೆ ನೋಡುತ್ತಿದ್ದ.

"ಹೊಡಿ ಅಪ್ಪಾಜಿ."

"ಹೂಂ."

ಪೈಲ್ವಾನ ನಿಂತೇ ಇದ್ದ. ಮುದುಕ ಅವನ ಹೊಟ್ಟೆಗೆ, ಮುಖಕ್ಕೆ, ಬೆನ್ನಿಗೆ ಬಾರಿಸಿದ.

"ಹೂಂ ಅನಬ್ಯಾಡ, ಹೊಡಿ!" ರಮಾಳ ದನಿ ಒಡೆಯಿತು. ಆದರೂ ಕಣ್ಣು ಪರದೆಯಿಂದ ಕದಲಲಿಲ್ಲ. "ಅಂಗಡಿ ಮುಚ್ಚು ಅಂದ್ರೂ ಹೂಂ, ಮಗಳ್ನ ಕೊಡು ಅಂದ್ರೂ ಹೂಂ. ಒದ್ರೂ ಸುಮ್ನ ನಿಂದರ್ತಿ. ನಾ ಯಾರ ಜೋಡಿ ಆಡ್ಲಿ?"

ಅವನು ಪರದೆ ಬಿಟ್ಟು ಮಗಳ ಕೈ ನೋಡಿದ. ಹೆಬ್ಬೆರಳು ಅರ್ಧ ಸುತ್ತು ತಿರುಗಿ ಎರಡು ಗುಂಡಿಗಳನ್ನು ಒಮ್ಮೆಗೇ ಒತ್ತುತ್ತಿತ್ತು. ಇಷ್ಟು ವರ್ಷ ಅಂಗಡಿ ನಡೆಸಿದರೂ ಆ ಏಟನ್ನು ಅವನು ಕಂಡಿರಲಿಲ್ಲ.

"ಇದನ್ನ ಯಾರು ಕಲಿಸಿದ್ರು ನಿನಗ?"

"ಅವ್ವ."

"ಯಾವವ್ವ?"

"ನಮ್ಮವ್ವ." ರಮಾ ಮೂಗು ಒರೆಸಿಕೊಂಡಳು. "ಬ್ಯಾಸಿಗಿ ಸೂಟ್ಯಾಗ ನೀ ಉಂಡು ಮಲಗ್ತಿದ್ದಿ, ಅಂಗಡಿ ನೋಡಾಕಂತ ಅವ್ವ ಬರ್ತಿದ್ಲಲ್ಲ. ಉರಿಬಿಸ್ಲಾಗ ಒಬ್ಬ ಹುಡುಗನೂ ಬರ್ತಿರ್ಲಿಲ್ಲ. ಅರ್ಧ ಶಟರ್ ಎಳ್ಕಂಡು ಇಬ್ರೂ ಆಡ್ತಿದ್ವಿ. ಪಾಪ, ಮುದುಕನ್ನ ಯಾರೂ ಹಿಡಿಯಂಗಿಲ್ಲ ಅಂತ ಆಕಿ ಇವನ್ನೇ ಹಿಡಿತಿದ್ಲು. ಸೋತ್ರ ಸಿಟ್ಟು ಬರ್ತಿತ್ತು. ಒಮ್ಮಿ ಜಾಯ್‌ಸ್ಟಿಕ್ ಗ್ವಾಡಿಗೆ ಒಗದು ಒಡದ್ಲು. ಸಂಜಿಗೆ ನೀ ಬಂದು, ಆಡಾಕ ಬಂದಿದ್ದ ಯಾವುದೋ ಹುಡುಗನ್ನ ಬೈದಿ."

ಗುರುಬಸವರಾಜನಿಗೆ ನೆನಪಾಯಿತು. ನಾನಲ್ಲ, ಕೊಟ್ಟೂರೇಶನಾಣೆ ನಾನಲ್ಲ ಎಂದು ಆ ಹುಡುಗ ಅತ್ತಿದ್ದ. ವಾಣಿಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಪಕ್ಕ ನಿಂತಿದ್ದಳು. ಹುಡುಗನ ಮೇಲಿನ ಕರುಣೆಗೆ ಎಂದುಕೊಂಡಿದ್ದ. ನಗು ತಡೆದುಕೊಂಡು ನಿಂತಿದ್ದಳು ಅವಳು.

"ಇನ್ನೊಂದಾಟ ಹಚ್ಚು," ಅಂದ.

ಈ ಸಲ ಪೈಲ್ವಾನ ಸರಿದು ನಿಂತು, ಮುದುಕನ ಕಾಲು ಹಿಡಿದೆಳೆದು ಕೆಡವಿದ. "ಏಯ್!" ಎಂದು ರಮಾ ಬೆಂಚಿನಿಂದ ಅರ್ಧ ಎದ್ದಳು. ಅವನು ಮತ್ತೆ ಹೊಡೆದ. ಅವಳೂ ಬಿಡಲಿಲ್ಲ. ಒಂದಾಟ ಅವಳದ್ದಾಯಿತು, ಒಂದು ಅವನದ್ದು, ಆಮೇಲೆ ಲೆಕ್ಕ ಇಡಲಿಲ್ಲ. ಗವಿಸಿದ್ದೇಶ್ ಬಂದು ಕೆಮ್ಮಿದಾಗಲೇ ಹೊರಗೆ ಗಾಡಿ ನಿಂತದ್ದು ಗೊತ್ತಾದದ್ದು.

"ಯಾವುದು ಮೊದ್ಲು ಎತ್ಲಿ ಅಣ್ಣಾರ?"

"ಆ ಎರಡು ಎತ್ತು. ಇದು ಕೊಡಂಗಿಲ್ಲ."

"ಮೂರಂತ ಮಾತಾಗಿತ್ತಲ್ರಿ?"

"ಆಗಿತ್ತು. ಈಗ ಎರಡು."

ಗವಿಸಿದ್ದೇಶ್ ಗೊಣಗುತ್ತ ಎರಡನ್ನು ಹೊತ್ತು ಹೋದ. ಗಾಡಿ ಓಣಿ ದಾಟಿದ ಮೇಲೆ ಗುರುಬಸವರಾಜ ಅಕ್ಕನಿಗೆ ಫೋನು ಹಚ್ಚಿದ.

"ಅಕ್ಕಾ, ಹೊಂಟಿಯೇನು? ಬರಬ್ಯಾಡ. ಇಲ್ಲ, ಏನೂ ಆಗಿಲ್ಲ. ಹುಡುಗಿ ಇಲ್ಲೇ ಇರ್ತಾಳ."

ಆ ಕಡೆಯಿಂದ ಅನ್ನದಾನಮ್ಮ ಬಹಳ ಹೊತ್ತು ಮಾತಾಡಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಇಲ್ಲೇ ಇರ್ತಾಳ ಅಕ್ಕಾ," ಎಂದು ಇನ್ನೊಮ್ಮೆ ಹೇಳಿ ಫೋನು ಇಟ್ಟ. ಎದೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ರಮಾ ಏನೂ ಕೇಳಿಸದವಳಂತೆ ಬುತ್ತಿ ಬಿಚ್ಚುತ್ತಿದ್ದಳು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

ಟಿ.ವಿ. ಎತ್ತಿದ ಜಾಗದಲ್ಲಿ ನೆಲ ಚೌಕಾಕಾರವಾಗಿ ಬೆಳ್ಳಗೆ ಉಳಿದಿತ್ತು. ಅಲ್ಲೇ ಇಬ್ಬರೂ ಉಣ್ಣಲು ಕೂತರು. ಜೋಳದ ರೊಟ್ಟಿ, ಕೆಂಪು ಚಟ್ನಿ. ಗುಂಡಿ ಒತ್ತಿ ಒತ್ತಿ ಅವನ ಹೆಬ್ಬೆರಳ ತುದಿಯ ಚರ್ಮ ಸುಲಿದಿತ್ತು. ಚಟ್ನಿ ತಾಕಿದ್ದೇ ಚುರ್ ಎಂದಿತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

"ಖಾರ ಆತೇನು?" ಎಂದಳು ರಮಾ. "ಅವ್ವನಂಗ ನನಗ ಬರಂಗಿಲ್ಲ."

ಗುರುಬಸವರಾಜ ರೊಟ್ಟಿಯ ಇನ್ನೊಂದು ಚೂರು ಮುರಿದು, ಅದೇ ಬೆರಳಿನಿಂದ ಚಟ್ನಿಗೆ ಒತ್ತಿದ.