ಗಾಳಿ ತಿರುಗಿದ ದಿನ ನನಗೆ ಮಾತಿರಲಿಲ್ಲ

ನಾನು ಹಳದಿ ಬಣ್ಣ ಬಳಿದ, ಮೂರಾಳೆತ್ತರದ ಒಂದು ಬೋಯಾ. ನಡುಗಡಲಿನಲ್ಲಿ ತೇಲುತ್ತ ಗಾಳಿಯ ವೇಗ, ಅದರ ಒತ್ತಡ, ನೀರಿನ ಬಿಸಿ ಅಳೆದು ದಡಕ್ಕೆ ತಿಳಿಸುವುದಕ್ಕಾಗಿ ನನ್ನನ್ನು ಮಾಡಿದರು. ನನ್ನ ಹೊಟ್ಟೆಯೊಳಗೆ ಬ್ಯಾಟರಿ, ನೆತ್ತಿಯ ಕಂಬದಲ್ಲಿ ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳು, ಹೆಗಲ ಮೇಲೆ ಸೋಲಾರ್ ಹಲಗೆಗಳು. ಇಷ್ಟನ್ನೂ ಜೋಡಿಸಿದವರು ಸುಗುಣಾ ಎಂಬ ಎಂಜಿನಿಯರು. ಹಾಸನದ ಕಡೆಯವರು, ಕಡಲು ಕಂಡರೆ ವಾಂತಿ ಮಾಡಿಕೊಳ್ಳುವವರು. ಆದರೂ ನನ್ನನ್ನು ನೀರಿಗಿಳಿಸುವ ದಿನ ಹಡಗಿನಲ್ಲಿ ಬಂದು, ಕಟಕಟೆ ಹಿಡಿದುಕೊಂಡು ನಿಂತಿದ್ದರು. ನಾನು ಮೊದಲ ಸಲ ಮಾತಾಡಿ, ದಡದಿಂದ ‘ಕೇಳಿಸಿತು’ ಎಂಬ ಉತ್ತರ ಬಂದಾಗ ಅವರು ಅತ್ತರು.

ನನ್ನ ಕಾಲಿಗೆ ಉದ್ದದ ಹಗ್ಗ, ಹಗ್ಗದ ತುದಿಗೆ ಕಡಲ ತಳದಲ್ಲಿ ಕೂತ ಭಾರ. ಅಷ್ಟು ದೂರಕ್ಕೆ ಯಾರು ಬರುತ್ತಾರೆ ಎಂದುಕೊಂಡಿದ್ದೆ. ಬಂದರು. ನನ್ನ ನೆರಳಿಗೆ ಸಣ್ಣ ಮೀನುಗಳು ಸೇರಿಕೊಂಡವು, ಅವುಗಳ ಹಿಂದೆ ದೊಡ್ಡವು, ದೊಡ್ಡವುಗಳ ಹಿಂದೆ ಗಂಗೊಳ್ಳಿಯ ಬೋಟುಗಳು. ಮೊದಲು ಬಂದದ್ದು ಶೇಷ ಮೊಗವೀರನ ಬೋಟು. ಆತ ಆ ಬೋಟಿನ ತಂಡೇಲ. ಅವನು ಹೇಳಿದ ಕಡೆ ಬೋಟು ಹೋಗಬೇಕು, ಬಲೆ ಬೀಳಬೇಕು. ಅವನ ತಮ್ಮ ಮಾಧವ ಜೊತೆಗಿರುತ್ತಿದ್ದ. ಅಣ್ಣ ಗಟ್ಟಿ ದನಿಯವನು, ತಮ್ಮ ನಗುಮುಖದವನು.

ಶೇಷನಿಗೆ ನನ್ನ ಮೇಲೆ ಅಕ್ಕರೆಯಿತ್ತು. ಬೋಟು ನನಗೆ ತಾಗದಂತೆ ಹಳೇ ಟಯರು ಇಳಿಬಿಡುತ್ತಿದ್ದ. ಬೇರೆ ಬೋಟಿನವರು ನನಗೆ ಹಗ್ಗ ಬಿಗಿದರೆ ದೂರದಿಂದಲೇ ಗದರುತ್ತಿದ್ದ. ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಕೂತು, ಕುಚ್ಚಲಕ್ಕಿ ಅನ್ನ ಕಲಸುತ್ತ, ಮಗಳ ಮದುವೆಯ ಮಾತನ್ನೋ ಎಂಜಿನ್ನಿನ ಕಾಟವನ್ನೋ ತಮ್ಮನೊಂದಿಗೆ ಆಡುತ್ತಿದ್ದ. ಆ ಮಾತುಗಳನ್ನು ನಾನೂ ಕೇಳಿಸಿಕೊಳ್ಳುತ್ತಿದ್ದೆ. ಅಲ್ಲಿ ಬೇರೆ ಯಾರ ಮಾತೂ ಇರಲಿಲ್ಲ.

ಒಮ್ಮೆ ಸುಗುಣಾ ನನ್ನನ್ನು ಪರೀಕ್ಷಿಸಲು ಹಡಗಿನಲ್ಲಿ ಬಂದಾಗ ಶೇಷನ ಬೋಟು ಅಲ್ಲೇ ಇತ್ತು. ಬೇರೆ ಕಡೆಯ ಬೋಯಾಗಳನ್ನು ಜನ ಕಿತ್ತು ಒಯ್ಯುತ್ತಿದ್ದಾರೆಂದು ಅವರು ಸಂಕಟಪಟ್ಟು ಹೇಳಿದರು. ಉಪಗ್ರಹಕ್ಕೆ ಮೇಲಿನಿಂದ ಮೋಡ ಕಾಣುತ್ತದೆ, ಆ ಮೋಡದ ಅಡಿಯಲ್ಲಿ ನಡೆಯುವುದನ್ನು ಹೇಳಬೇಕಾದದ್ದು ಇದೇ ಎಂದು ನನ್ನತ್ತ ಕೈ ತೋರಿಸಿದರು. ಶೇಷ ಬೋಟಿನಿಂದ ಬಾಗಿ ನನ್ನ ಮೈ ಮೇಲೆ ಅಂಗೈ ಇಟ್ಟ.

“ಇದ್ ನಮ್ಮದೇ ಅಲ್ದಾ ಮೇಡಂ. ನಾ ಕಂಡ್ಕಂತೆ” ಎಂದ.

ನೋಡಿಕೊಳ್ಳುತ್ತಾನೆಂದು ನಾನು ನಂಬಿದೆ.

ಮಾರನೆಯ ವರ್ಷದ ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಮಧ್ಯಾಹ್ನ ಶೇಷ ಬಂದ. ಅವನ ಬೋಟಿನ ಬ್ಯಾಟರಿ ಪೂರ್ತಿ ಬರಿದಾಗಿತ್ತು, ತುಂಬಿಸಲು ದಾರಿಯಿರಲಿಲ್ಲ. ವೈರ್‌ಲೆಸ್ ಇಲ್ಲ, ದೀಪವಿಲ್ಲ. ಬಲೆ ಹಾಕದೆ ವಾಪಸು ಹೋಗುವ ಮನಸ್ಸೂ ಅವನಿಗಿರಲಿಲ್ಲ. ಬಹಳ ಹೊತ್ತು ನನ್ನ ಹೆಗಲಿನ ಹಲಗೆಗಳನ್ನೇ ನೋಡುತ್ತ ಕೂತ. ಆಮೇಲೆ ಪಾನಾ ಹಿಡಿದು ನನ್ನ ಮೇಲೆ ಹತ್ತಿದ.

“ಬ್ಯಾಡ ಅಣ್ಣಾ” ಎಂದ ಮಾಧವ. “ನೀನೇ ಅಲ್ದಾ ಕಂಡ್ಕಂತೆ ಅಂದದ್ದ್?”

“ಸರ್ಕಾರದ್ದ್ ಮಾರಾಯ. ಅವ್ರ್ ಇನ್ನೊಂದ್ ತಂದ್ ಹಾಕ್ತ್ರ್.”

ಅವನ ಕೈ ಎಲ್ಲಿ ಯಾವ ನಟ್ಟು ಇದೆಯೆಂದು ತಡಕಾಡಲಿಲ್ಲ. ಅಷ್ಟು ಕಾಲ ನನ್ನ ಪಕ್ಕದಲ್ಲೇ ಕೂತು ಉಂಡವನಲ್ಲವೆ? ಅಪರಿಚಿತರು ಬಂದು ಕಿತ್ತಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಹಲಗೆಗಳನ್ನು ಬಿಚ್ಚಿ ಬೋಟಿಗೆ ಇಳಿಸಿಕೊಂಡು ಹೋಗುವಾಗ ಅವನು ತಿರುಗಿ ನೋಡಲಿಲ್ಲ. ಮಾಧವ ಮಾತ್ರ ನಾನು ಕಣ್ಮರೆಯಾಗುವವರೆಗೆ ನೋಡುತ್ತಲೇ ಇದ್ದ.

ಹೊಟ್ಟೆಯಲ್ಲಿ ಉಳಿದಿದ್ದ ಬ್ಯಾಟರಿಯ ಬಲದಲ್ಲಿ ಕೆಲವು ದಿನ ಮಾತಾಡಿದೆ. ಮಾತು ಕ್ಷೀಣವಾಯಿತು, ತುಂಡಾಯಿತು, ನಿಂತಿತು. ದುರಸ್ತಿಯ ಹಡಗು ಬಂಗಾಳ ಕೊಲ್ಲಿಯ ಕಡೆ ಹೋಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಆಗಲೇ ಲಕ್ಷದ್ವೀಪದ ಆಚೆ ಚಂಡಮಾರುತವೊಂದು ಎದ್ದಿತು. ನಮ್ಮ ಕಡಲಿನಲ್ಲಿ ಏಳುವ ಇಂಥ ಗಾಳಿಗಳು ಸಾಮಾನ್ಯವಾಗಿ ದಡಕ್ಕೆ ಬೆನ್ನು ಹಾಕಿ ವಾಯವ್ಯಕ್ಕೆ, ಅರಬರ ನಾಡಿನ ಕಡೆ ನಡೆದುಬಿಡುತ್ತವೆ. ಇದೂ ಹಾಗೆಯೇ ಹೊರಟಿತು. ದಡದಲ್ಲಿ ನಕ್ಷೆಯ ಮೇಲೆ ಗೆರೆ ಎಳೆದರು. ಕರಾವಳಿಗೆ ಅಪಾಯವಿಲ್ಲ ಎಂದು ಸುದ್ದಿ ಕೊಟ್ಟರು. ತಡೆದಿಟ್ಟಿದ್ದ ಬೋಟುಗಳನ್ನು ಕಡಲಿಗೆ ಬಿಟ್ಟರು. ಅಷ್ಟರಲ್ಲಿ ಮಾಧವನೂ ತಂಡೇಲನಾಗಿದ್ದ. ತನ್ನದೇ ಬೋಟು, ತನ್ನದೇ ಜನ ಕಟ್ಟಿಕೊಂಡು ಮೀನು ಸೇರುವ ನನ್ನ ಬಳಿಗೇ ಬಂದ.

ಅಷ್ಟು ದೂರ ಹೋಗಿದ್ದ ಗಾಳಿ ನಡುಗಡಲಿನಲ್ಲಿ ನಿಂತಿತು. ನಿಂತು, ಪೂರ್ವಕ್ಕೆ ಮುಖ ತಿರುಗಿಸಿತು.

ಬೆಳಿಗ್ಗೆ ಎದ್ದ ಅಲೆಗಳು ಪಡುವಣದಿಂದ ಉದ್ದುದ್ದಕ್ಕೆ ಬಂದವು. ನನ್ನ ಕಂಬದ ಬಟ್ಟಲುಗಳು ಮೊದಲು ಮೆಲ್ಲಗೆ, ಆಮೇಲೆ ಹುಚ್ಚು ಹಿಡಿದಂತೆ ತಿರುಗಿದವು. ನಾನು ಹುಟ್ಟಿದ್ದೇ ಆ ಗಳಿಗೆಗಾಗಿ. ಒಂದು ಮಾತು ಹೋಗಿದ್ದರೆ ಸಾಕಿತ್ತು. ದಡದವರು ಗೆರೆ ಅಳಿಸಿ ಹೊಸ ಗೆರೆ ಎಳೆಯುತ್ತಿದ್ದರು, ಬೋಟುಗಳನ್ನು ಕೂಗಿ ಕರೆಯುತ್ತಿದ್ದರು. ಬಟ್ಟಲುಗಳು ಸುಮ್ಮನೆ ತಿರುಗಿದವು. ಮಾಧವ ಒಮ್ಮೆ ನನ್ನ ಬೋಳು ಹೆಗಲನ್ನು ನೋಡಿದ, ಒಮ್ಮೆ ಪಡುವಣದ ಬಾನು ನೋಡಿದ. ಅವನ ಮುಖದ ನಗು ಹೋಯಿತು. ಬಲೆ ಕತ್ತರಿಸಿ ಬಿಡಲು ಹೇಳಿ ಬೋಟನ್ನು ದಡದತ್ತ ತಿರುಗಿಸಿದ. ವೈರ್‌ಲೆಸ್ಸಿನಲ್ಲಿ ಎಚ್ಚರಿಕೆ ಬಂದದ್ದು ಅದಾದ ಎಷ್ಟೋ ಹೊತ್ತಿಗಂತೆ. ಬೋಟು ಒಂದು ಅಲೆಯನ್ನು ಹತ್ತಿ ಇಳಿದದ್ದು ಕಂಡೆ. ಮುಂದಿನ ಅಲೆಯ ಮೇಲೆ ಅದು ಕಾಣಲಿಲ್ಲ.

ಆ ಸಂಜೆಯೇ ನನ್ನ ಹಗ್ಗವೂ ಹರಿಯಿತು. ಎಲ್ಲೆಲ್ಲೋ ತೇಲಿದ ನನ್ನನ್ನು ಹಡಗೊಂದು ಎತ್ತಿ ತಂದು ಮಂಗಳೂರಿನಲ್ಲಿ, ಒಂದು ಕಚೇರಿಯ ಹಿಂದಿನ ಅಂಗಳದಲ್ಲಿ ಇಳಿಸಿತು. ಸುಗುಣಾ ಬಂದು ನನ್ನ ಹೆಗಲು ಸವರಿ, ಬಿಚ್ಚಿದ ನಟ್ಟುಗಳ ಗುರುತು ನೋಡಿ ಒಳಗೆ ಹೋದರು.

ಕೆಲವು ದಿನಗಳ ಮೇಲೆ ಗಂಗೊಳ್ಳಿಯಿಂದ ಜನ ಬಂದರು. ಎಲ್ಲರಿಗಿಂತ ಮುಂದೆ ಶೇಷ. ಗಡ್ಡ ಬೆಳೆದಿತ್ತು, ದನಿ ಒಡೆದಿತ್ತು.

“ಗಾಳಿ ಆಚಿಗ್ ಹೋತ್ ಅಂದ್ರಿ. ನಿಮ್ ಮಾತ್ ನಂಬಿ ನನ್ ತಮ್ಮ ಹ್ವಾದ” ಎಂದ.

ಸುಗುಣಾ ಎದ್ದರು. ಅವನನ್ನು ಅಂಗಳಕ್ಕೆ ಕರೆತಂದು ನನ್ನೆದುರು ನಿಲ್ಲಿಸಿದರು. ಗಾಳಿ ತಿರುಗಿದ ಜಾಗದಲ್ಲಿ ಇದ್ದದ್ದು ಇದೊಂದೇ, ಇದಕ್ಕೆ ಜೀವವಿದ್ದಿದ್ದರೆ ಬೆಳಿಗ್ಗೆಯೇ ನಮಗೆ ತಿಳಿಯುತ್ತಿತ್ತು ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಶೇಷಣ್ಣ, ಯಾರು ಕಿತ್ತದ್ದು ಅಂತ ನಿಮಗೇನಾದರೂ ಗೊತ್ತಾ?”

ಶೇಷ ನನ್ನನ್ನು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ. ತಮ್ಮನಿಗಾಗಿಯಾದರೂ ಹೇಳುತ್ತಾನೆ.

“ಗೊತ್ತಿಲ್ಲೆ” ಎಂದ. “ಹೊರ್ಗಿನ್ ಬೋಟಿನವ್ರ್ ಆಯ್ಕ್.”

ಹೇಳಿದವನೇ ಅಲ್ಲೇ ನೆಲಕ್ಕೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಸುಗುಣಾ ಅದನ್ನು ತಮ್ಮನನ್ನು ಕಳೆದುಕೊಂಡ ದುಃಖವೆಂದೇ ತಿಳಿದರು. ಪಕ್ಕದಲ್ಲಿ ಕೂತು ನೀರು ಕೊಟ್ಟರು. ಹೊಸ ಬೋಯಾ ಹಾಕುತ್ತೇವೆ, ನಿಮ್ಮಂಥವರೇ ಅದನ್ನು ಕಾಯಬೇಕು ಎಂದರು. ಅವನು ತಲೆಯಾಡಿಸಿದ. ನಿಜವನ್ನು ಅವರಿಗೆ ಕೂಗಿ ಹೇಳಬೇಕೆಂದು ನನಗನಿಸಿತು. ಆದರೆ ನನ್ನಲ್ಲಿ ಕೂಗುವ ಶಕ್ತಿಯನ್ನು ಉಳಿಸಿದವರು ಯಾರು?

ಈಗ ನಾನು ಅದೇ ಅಂಗಳದ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಹೊಸ ಬೋಯಾ ಚೆನ್ನಾಗಿ ಮಾತಾಡುತ್ತಿದೆಯಂತೆ. ಶೇಷ ತನ್ನ ಮೀನನ್ನೂ ಬಿಟ್ಟು ಅದರ ಸುತ್ತ ಕಾವಲು ತಿರುಗುತ್ತಾನಂತೆ. ಹತ್ತಿರ ಬಂದ ಬೋಟಿನವರೊಂದಿಗೆ ಕೈಕೈ ಮಿಲಾಯಿಸಿದ್ದೂ ಇದೆಯಂತೆ. ಕಚೇರಿಯವರು ಊಟದ ಹೊತ್ತಿಗೆ ನನ್ನ ನೆರಳಿನಲ್ಲಿ ನಿಂತು ಅವನನ್ನು ಹೊಗಳುತ್ತಾರೆ. ಅವನು ಬದಲಾಗಿದ್ದಾನೆ, ನಿಜವಿರಬಹುದು. ಆ ಹೊಸದಕ್ಕೆ ಒಳ್ಳೆಯದಾಗಲಿ, ಅದನ್ನು ನಂಬಿ ಕಡಲಿಗಿಳಿಯುವವರಿಗೂ ಒಳ್ಳೆಯದಾಗಲಿ.

ಚಂಡಮಾರುತದ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ದಾರಿಯನ್ನು ಯಾರಿಗೂ ಮೊದಲೇ ಹೇಳಿರಲಿಲ್ಲ. ಶೇಷನನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.