ಹಸಿರು ಹಲ್ಲು

ಮೂರನೆಯದು ಮಾತ್ರ ಬರುತ್ತಿಲ್ಲ. ಒಂದರಲ್ಲಿ ವೇದಿಕೆ ಬಂತು, ಎರಡರಲ್ಲಿ ಭಾಷಣಕಾರರ ಲ್ಯಾಪ್‌ಟಾಪ್ ಬಂತು. ಇನ್‌ಪುಟ್ ಮೂರು ಒತ್ತಿದರೆ ನೀಲಿ ಪರದೆ, ನಡುವೆ ‘ಸಿಗ್ನಲ್ ಇಲ್ಲ’.

ಅವನು ಮತ್ತೆ ಒತ್ತಿದ. ಇಲ್ಲ ಎಂದಿತು.

ಸಭಾಂಗಣದಲ್ಲಿ ನಾನೂರು ದಂತವೈದ್ಯರು ಕೂತಿದ್ದರು. ಹನ್ನೊಂದಕ್ಕೆ ಪಕ್ಕದ ಕೋಣೆಯಲ್ಲಿ ಹಿರಿಯ ಡಾಕ್ಟರೊಬ್ಬರು ರೋಗಿಯೊಬ್ಬನ ಹಲ್ಲು ಶುಚಿ ಮಾಡಿ ತೋರಿಸುವವರಿದ್ದರು. ಆ ಚಿತ್ರ ಇನ್‌ಪುಟ್ ಮೂರರಿಂದ ಇವನ ವಿಡಿಯೋ ಪ್ರೊಸೆಸರಿಗೆ ಬಂದು, ಇಲ್ಲಿಂದ ವೇದಿಕೆಯ ಹದಿನೈದು ಅಡಿ ಪರದೆಗೆ ಹೋಗಬೇಕು. ಯಾವ ಚಿತ್ರ, ಯಾವ ಅಳತೆ, ಯಾವ ಬಣ್ಣ ಎಂದು ಯಂತ್ರಕ್ಕೆ ಹೇಳುವುದು ಇವನ ಕೆಲಸ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ, ಬೆಳಕಿನ ಬಗೆಗಿನ ಸಂಶೋಧನೆ ಅರ್ಧಕ್ಕೇ ನಿಂತಿತ್ತು. ‘ಆಟೋ’ ಎಂಬ ಗುಂಡಿಯನ್ನು ಅವನು ಮುಟ್ಟಿದವನಲ್ಲ. ಎಲ್ಲವನ್ನೂ ಯಂತ್ರವೇ ಊಹಿಸಿಕೊಳ್ಳುವುದಾದರೆ ಇಲ್ಲೊಬ್ಬ ಮನುಷ್ಯ ಯಾಕೆ ಕೂತಿರಬೇಕು ಎಂಬುದು ಅವನ ವಾದ. ಆ ವಾದವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಹೆಂಡತಿಗೆ ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಮಗಳನ್ನು ಕರೆದುಕೊಂಡು ಹೋಗಲೋ ಬೇಡವೋ ಎಂದು ಮೂರು ದಿನದಿಂದ ಕೇಳುತ್ತಿದ್ದಳು. ಇವತ್ತು ಮಧ್ಯಾಹ್ನದೊಳಗೆ ಕಾಲೇಜಿನವರಿಗೆ ತಿಳಿಸಬೇಕಿತ್ತು. ಬೆಳಿಗ್ಗೆ ಕೇಳಿದಾಗ ಅವನು ಬ್ರಷ್ ಬಾಯಲ್ಲಿಟ್ಟುಕೊಂಡೇ ಏನೋ ಗೊಣಗಿದ. ಅದನ್ನು ತೆಗೆದು ಹೇಳಿ ಎಂದಳು. ತೆಗೆಯುವ ಹೊತ್ತಿಗೆ ಬಸ್ಸಿನ ವೇಳೆಯಾಗಿತ್ತು.

ಮೆನು ತೆರೆದು ಇನ್‌ಪುಟ್ ಮೂರರ ರೆಸಲ್ಯೂಶನ್ ಬದಲಿಸಿದ. ಸೆಕೆಂಡಿಗೆ ಅರವತ್ತು ಫ್ರೇಮ್ ಇದ್ದದ್ದನ್ನು ಐವತ್ತು ಮಾಡಿದ. ಬಣ್ಣದ ಬಗೆಯನ್ನು ಆರ್‌ಜಿಬಿ ಎಂದು ಕೈಯಾರೆ ನಿಗದಿ ಮಾಡಿದ. ನೀಲಿ ಪರದೆ ಕದಲಲಿಲ್ಲ. ಕೇಬಲ್ಲೇ ನೋಡಿ ಬರುತ್ತೇನೆಂದು ಪಕ್ಕದ ಸೌಂಡಿನವನಿಗೆ ಹೇಳಿ, ಹೆಡ್‌ಸೆಟ್ ಹಾಕಿಕೊಂಡೇ ಎದ್ದ.

ಕೋಣೆಯಲ್ಲಿ ಒರಗುವ ಕುರ್ಚಿಯೊಂದು, ಅದರ ಮೇಲೆ ಬಾಗಿದ ಕ್ಯಾಮೆರಾ, ಬಾಗಿಲ ಬಳಿ ನರ್ಸ್. ರೋಗಿ ಟಾಯ್ಲೆಟ್ಟಿಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಅಲ್ಲಿಂದ ಹಾಗೇ ಮನೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಇವನ ಮುಖವನ್ನೂ ನೋಡದೆ ನರ್ಸ್ ಅವನನ್ನು ಹುಡುಕಲು ಹೋದಳು. ಇವನು ಕುರ್ಚಿಯಡಿ ಕಳಚಿಕೊಂಡಿದ್ದ ಕೇಬಲ್ ಸಿಕ್ಕಿಸಿದ.

“ಬಂತಾ?”

“ಬಂತು,” ಎಂದ ಹೆಡ್‌ಸೆಟ್‌ನಲ್ಲಿ ಸೌಂಡಿನವನು. “ಬರೀ ಕುರ್ಚಿ ಕಾಣ್ತಿದೆ. ಫೋಕಸ್ ಗೊತ್ತಾಗಬೇಕಲ್ಲ, ಒಂದು ಬಾಯಿ ಇಡು.”

ಬೇರೆ ಬಾಯಿ ಇರಲಿಲ್ಲ. ಕುರ್ಚಿಯಲ್ಲಿ ಒರಗಿ ತನ್ನದನ್ನೇ ತೆರೆದ.

ನರ್ಸ್ ಹಿರಿಯ ಡಾಕ್ಟರ ಜೊತೆ ವಾಪಸು ಬಂದಳು. ಕುರ್ಚಿಯಲ್ಲಿ ಬಾಯಿ ತೆರೆದ ಮನುಷ್ಯನಿದ್ದ. ಅವಳಿಗೆ ಹೋದ ಜೀವ ಬಂದಂತಾಯಿತು. ಅವನ ಹೆಡ್‌ಸೆಟ್ ಕಳಚಿ ತಟ್ಟೆಯಲ್ಲಿಟ್ಟು, ಎದೆಗೊಂದು ಬಟ್ಟೆ ಕಟ್ಟಿ, ದವಡೆ ಮುಚ್ಚದಂತೆ ನಡುವೆ ರಬ್ಬರಿನ ತುಂಡು ತುರುಕಿದಳು. ತಾನು ಯಾರೆಂದು ಹೇಳಲು ಅವನಿಗೆ ಎರಡು ಸೆಕೆಂಡು ಸಿಕ್ಕಿತ್ತು. ಹೇಗೆ ಶುರುಮಾಡುವುದೆಂದು ಯೋಚಿಸುವುದರಲ್ಲೇ ಅದು ಮುಗಿಯಿತು.

ಸಭೆಗೆ ಹೋಗುತ್ತಿದ್ದ ಚಿತ್ರವೇ ಎದುರು ಗೋಡೆಯ ಮಾನಿಟರಿನಲ್ಲೂ ಬರುತ್ತಿತ್ತು. ಅಲ್ಲಿ ಅವನ ಹಲ್ಲುಗಳು ಗಿಳಿಹಸಿರಾಗಿದ್ದವು.

ಕಾರಣ ತಕ್ಷಣ ಹೊಳೆಯಿತು. ಕ್ಯಾಮೆರಾ ಬಣ್ಣ ಕಳಿಸುತ್ತಿರುವುದು ಒಂದು ಲೆಕ್ಕದಲ್ಲಿ, ತಾನು ಆರ್‌ಜಿಬಿ ಎಂದು ಯಂತ್ರದಿಂದ ಓದಿಸುತ್ತಿರುವುದು ಇನ್ನೊಂದು ಲೆಕ್ಕದಲ್ಲಿ; ಹಾಗಾದರೆ ಬಿಳಿಯೆಲ್ಲ ಹಸಿರಾಗುತ್ತದೆ. ಡಾಕ್ಟರ ಕೋಟು, ಕೈಗವಸು ಕೂಡ ಪರದೆಯಲ್ಲಿ ಹಸಿರೇ. ಆದರೆ ಚಿಕಿತ್ಸೆಯ ಕೋಣೆಯಲ್ಲಿ ಹಸಿರು ಬಟ್ಟೆ ಕಂಡು ಯಾರಿಗೆ ಅನುಮಾನ ಬರಬೇಕು? ಹೇಳಹೋದ. “ಆ” ಎಂದಷ್ಟೇ ಬಂತು.

ನೋವಾದರೆ ಕೈ ಎತ್ತಿ ಎಂದರು ಡಾಕ್ಟರು. ಎತ್ತಿದ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು.

ಗೋಡೆಯ ಸ್ಪೀಕರಿನಲ್ಲಿ ಸಭೆಯ ಗುಜುಗುಜು ಕೇಳುತ್ತಿತ್ತು. ಒಬ್ಬರು ತಾಮ್ರದ ವಿಷ ಎಂದರು, ಇನ್ನೊಬ್ಬರು ಪಾಚಿ ಎಂದರು. ಮತ್ತೊಬ್ಬರು ಇದಕ್ಕೆ ಈಗಲೇ ಒಂದು ಹೆಸರಿಡಬೇಕು, ಸಾಧ್ಯವಾದರೆ ತಮ್ಮದೇ ಇಡಬೇಕು ಎಂದರು.

ನರ್ಸ್ ಬಗ್ಗಿ ಬಾಯೊಳಗೆ ನೋಡಿದಳು. “ಸರ್, ನನಗೆ ಬಿಳೀನೇ ಕಾಣ್ತಿದೆ.”

ಡಾಕ್ಟರು ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ. “ಬರಿಗಣ್ಣಿಗೆ ಹಾಗೇ ಕಾಣುತ್ತೆ ಕಣಮ್ಮ.”

ಆಮೇಲೆ ಅವಳೂ ಮಾನಿಟರನ್ನೇ ನೋಡತೊಡಗಿದಳು.

ಪರೀಕ್ಷೆಗೆ ಒಂದು ಹಲ್ಲು ತೆಗೆಯುವುದೆಂದಾಯಿತು. ಯಾವುದು ಎಂಬುದಕ್ಕೆ ಸಭೆಯಲ್ಲಿ ಕೈ ಎತ್ತಿಸಿದರು. ಕೆಳಗಿನ ಎಡ ದವಡೆಹಲ್ಲಿಗೆ ಬಹುಮತ ಬಂತು. ಒಪ್ಪಿಗೆ ತಾನೇ ಎಂದು ಅವನನ್ನೂ ಕೇಳಿದರು. “ಆ” ಎಂದ. ಅದನ್ನು ಬರೆದುಕೊಂಡರು.

ಅವನು ಒದ್ದಾಡಬಹುದಿತ್ತು. ಕಾಲು ಬಿಡುವಾಗಿಯೇ ಇತ್ತು. ಆದರೆ ನಾನೂರು ಜನ ಉಸಿರು ಬಿಗಿಹಿಡಿದು ತನ್ನೊಳಗೆ ನೋಡುತ್ತಿದ್ದಾರೆ ಎಂಬುದು ಅವನನ್ನು ಕಟ್ಟಿಹಾಕಿತು. ಇಷ್ಟು ಕಾಲ ಯಾರೂ ಹೀಗೆ ನೋಡಿರಲಿಲ್ಲ. ಹಸಿರು ಸುಳ್ಳೆಂದು ಗೊತ್ತಿದ್ದವನು ಈ ಲೋಕದಲ್ಲಿ ತಾನೊಬ್ಬನೇ; ಆ ಒಬ್ಬನೂ ಈಗ ನಾಲಿಗೆಯಿಂದ ಹಲ್ಲುಗಳನ್ನು ಮೆಲ್ಲಗೆ ಮುಟ್ಟಿನೋಡಿಕೊಂಡ. ನಾಲಿಗೆಗೆ ಬಣ್ಣ ತಿಳಿಯಲಿಲ್ಲ.

ಹಲ್ಲು ಬಂತು. ಪಕ್ಕದ ಮನೆಯಲ್ಲಿ ಮೊಳೆ ಕಿತ್ತ ಹಾಗೆ ಸದ್ದಾಯಿತು, ಅಷ್ಟೆ. ಅದನ್ನು ಕಂದು ಬಣ್ಣದ ಸೀಸೆಗೆ ಹಾಕಿ ಮುಚ್ಚಳ ಬಿಗಿದರು. ಸ್ಪೀಕರ್ ಒಡೆಯುವಂತೆ ಚಪ್ಪಾಳೆ ಬಿತ್ತು.

ರಬ್ಬರು ತೆಗೆದು ಹತ್ತಿ ತುರುಕಿ ಅವನನ್ನು ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಫೋನ್ ಬಂತು.

“ಕಾಲೇಜಿಗೆ ಹೇಳಬೇಕು. ನಾವು ಹೋಗೋದಾ?” ಎಂದಳು ಹೆಂಡತಿ.

ಇರು, ಮನೆಗೆ ಬಂದು ಮಾತಾಡೋಣ, ಎನ್ನಬೇಕಿತ್ತು. ತುಟಿ ಯಾರದೋ ಆಗಿತ್ತು. “ಹೂಂ” ಎಂದು ಹೊರಟಿತು.

“ಇನ್ನೊಂದು ಮಾತು ಹೆಚ್ಚಿಗೆ ಆಡಕ್ಕಾಗಲ್ವಾ ನಿಮಗೆ?”

“ಹೂಂ.”

“ಸರಿ ಬಿಡಿ.”

ತಿರುಗಿ ಫೋನ್ ಮಾಡಲು ಬೆರಳೇನೋ ಸಿದ್ಧವಿತ್ತು. ಮಾಡಿ ಏನು ಹೇಳುವುದು, ಯಾವ ಬಾಯಲ್ಲಿ?

ಅವನು ಮೇಜಿಗೆ ಮರಳಿದಾಗ, ಎಂಥ ಕೇಸು ತಪ್ಪಿಸಿಕೊಂಡೆ ಮಾರಾಯ ಎಂದು ಸೌಂಡಿನವನು ಮರುಗಿದ. ಊಟ ಮುಗಿಯುವವರೆಗೂ ಪರದೆಯಲ್ಲಿ ಆ ಬಾಯಿಯೇ ಇರಲಿ ಎಂದು ಸಂಘಟಕರು ಕ್ಯಾಮೆರಾದಲ್ಲೇ ಚಿತ್ರ ನಿಲ್ಲಿಸಿದ್ದರು. ಅವನು ಮೆನು ತೆರೆದ. ಇನ್‌ಪುಟ್ ಮೂರು, ಬಣ್ಣ, ಆಟೋ. ಮೂರು ಸಲ ಒತ್ತಿದರೆ ಹಲ್ಲುಗಳು ಬೆಳ್ಳಗಾಗುತ್ತವೆ. ಆಗ ಸೀಸೆಯಲ್ಲಿರುವುದೂ ಬೆಳ್ಳಗಾಗುತ್ತದೆ. ಅದನ್ನು ಕಿತ್ತದ್ದೂ, ಕೀಳಿಸಿಕೊಂಡದ್ದೂ ಸುಮ್ಮನೆ ಎಂದಾಗುತ್ತದೆ. ಎರಡು ಸಲ ಒತ್ತಿ ಕೈ ಹಿಂದಕ್ಕೆಳೆದುಕೊಂಡ.

“ಏನ್ರೀ, ಒಂದು ಫೋಟೋ ತೆಗೀತೀರಾ?” ಹಿರಿಯ ಡಾಕ್ಟರು ವೇದಿಕೆಯ ಮೇಲೆ ಸೇರಿದ್ದ ವೈದ್ಯರ ಗುಂಪಿನಿಂದ ಕರೆದರು. ಅವರಿಗೆ ಗುರುತು ಸಿಕ್ಕಿರಲಿಲ್ಲ. ಸಿಗುವುದಕ್ಕೆ ಅವರು ಮುಖ ನೋಡಿರಲೂ ಇಲ್ಲ.

ಅವನು ಹೋಗಿ ಫೋನ್ ಇಸಿದುಕೊಂಡ. ಹಿಂದಿನ ಪರದೆಯೂ ಪೂರ್ತಿ ಬರಲಿ ಎಂದರು. ಹಿಂದೆ ಸರಿದ. ಇನ್ನೂ ಸರಿದ. ಕುರ್ಚಿಗಳ ಸಾಲುಗಳ ನಡುವೆ, ಕೊನೆಯ ಗೋಡೆಗೆ ಬೆನ್ನು ತಾಗುವವರೆಗೂ ಸರಿದ. ಈಗ ಬಾಯಿ ಇಡಿಯಾಗಿ ಹಿಡಿಸಿತು. ಮೇಲೊಂದು ಹಸಿರು ಸಾಲು, ಕೆಳಗೊಂದು ಹಸಿರು ಸಾಲು. ಹಲ್ಲು ಕಿತ್ತ ಕಪ್ಪು ಜಾಗದಲ್ಲಿ, ಎಳ್ಳಷ್ಟೂ ಸಂದಿಯಿಲ್ಲದಂತೆ, ಬಿಳಿ ಕೋಟಿನ ಹನ್ನೆರಡು ಜನ ಒತ್ತೊತ್ತಾಗಿ ನಿಂತು ಹಲ್ಲು ಬಿಟ್ಟು ನಗುತ್ತಿದ್ದರು.